ಲಡಾಖಿನ ಹುಳಿಹಣ್ಣು: ಸೀಸೆಯೊಳಗೆ ಏನಿದೆ, ಲೇಬಲ್ಲಿನಲ್ಲಿ ಏನಿದೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ ಇದು. ಕೇಳುಗರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ, ನಿದ್ದೆ ಬಿಟ್ಟು ಬಂದಿದ್ದೀರಿ. ಹಾಗಾಗಿ ಪೀಠಿಕೆ ಉದ್ದ ಮಾಡುವುದಿಲ್ಲ.

ಈ ವಿಷಯ ಆರಿಸಲು ಕಾರಣ ವಾಟ್ಸಾಪ್. ನಮ್ಮ ಕಡೆಯ ಗುಂಪುಗಳಲ್ಲಿ ಒಂದು ಕಿತ್ತಳೆ ಬಣ್ಣದ ಹಣ್ಣಿನ ಚಿತ್ರ ತಿರುಗುತ್ತಾ ಇದೆ. ಹೆಸರು ಸೀ ಬಕ್‌ಥಾರ್ನ್. 190 ಪೋಷಕಾಂಶ ಇರುವ ಹಣ್ಣು, ಸಕ್ಕರೆ ಕಾಯಿಲೆ, ಹೃದಯ, ಚರ್ಮ, ಮಂಡಿನೋವು ಎಲ್ಲಕ್ಕೂ ಇದೊಂದೇ ಮದ್ದು ಎಂದು ಬರೆದಿರುತ್ತಾರೆ. ಕೆಳಗೆ ಒಂದು ಫೋನ್ ನಂಬರ್. ನಾನು ಆಹಾರ ರಸಾಯನಶಾಸ್ತ್ರ ಕಲಿಸುವವನು. ಅದಕ್ಕೇ ಕೆಲವರು ಸೀಸೆ ತಂದು ಮುಂದಿಟ್ಟು, "ಇದು ಕುಡಿಯಬಹುದಾ ಮಾಸ್ಟ್ರೇ?" ಎಂದು ಕೇಳಿದರು. ಕುಡಿಯಬಹುದು, ಧಾರಾಳವಾಗಿ. ಆದರೆ ಅದರಲ್ಲಿ ಏನಿದೆ ಅನ್ನುವುದು ಒಂದು ಪ್ರಶ್ನೆ, ಅದು ನಮ್ಮ ಮೈಯಲ್ಲಿ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಮಾರುವವರು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೂ ಕೊಟ್ಟೆವು ಅನ್ನುತ್ತಾರೆ. ಇವತ್ತು ನಾನು ಹೇಳುವುದೆಲ್ಲ ಈ ಎರಡರ ನಡುವೆ ಇರುವ ದೂರದ ಬಗ್ಗೆ.

ಮೊದಲು ಗಿಡ. ಶಾಸ್ತ್ರದ ಹೆಸರು ಹಿಪ್ಪೋಫೆ ರಾಮ್ನಾಯ್ಡಿಸ್. ಯುರೋಪಿನ ಬಾಲ್ಟಿಕ್ ಕಡಲ ಬದಿಯ ಮರಳು, ರಷ್ಯಾದ ಅಲ್ತಾಯ್, ಮಂಗೋಲಿಯಾ, ಚೀನಾ, ಹಿಮಾಲಯ, ಇಷ್ಟು ಕಡೆ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಲಡಾಖಿನ ಸಿಂಧೂ, ನುಬ್ರಾ, ಝಂಸ್ಕಾರ್ ಕಣಿವೆಗಳಲ್ಲಿ ಜಾಸ್ತಿ. ಹಿಮಾಚಲದ ಲಾಹೌಲ್-ಸ್ಪಿತಿಯಲ್ಲೂ ಇದೆ, ಅಲ್ಲಿನವರಿಗೆ ಇದು ಛರ್ಮಾ. ಲೇಹ್ ಪಟ್ಟಣ ಇರುವ ಎತ್ತರ ಸುಮಾರು 3500 ಮೀಟರ್. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 3500 ಮಿಲಿಮೀಟರ್. ಲೇಹ್‌ನಲ್ಲಿ ವರ್ಷವಿಡೀ ಬೀಳುವುದು ನೂರು ಮಿಲಿಮೀಟರಿನ ಆಸುಪಾಸು. ಆಟಿ ತಿಂಗಳಲ್ಲಿ ಮಳೆ ಹಟ ಹಿಡಿದರೆ ನಮಗೆ ಅದು ಒಂದು ದಿನದ ಲೆಕ್ಕ. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಅಂಥ ಊರಿನ ಹೊಳೆಬದಿಯ ಕಲ್ಲುಮರಳಿನಲ್ಲಿ ಈ ಗಿಡ ಮುಳ್ಳುಪೊದೆಯಾಗಿ ಹಬ್ಬುತ್ತದೆ. ಲಡಾಖಿನವರು ಮೊದಲಿನಿಂದ ಇದನ್ನು ಗದ್ದೆಗೆ ಬೇಲಿಯಾಗಿ, ಒಲೆಗೆ ಸೌದೆಯಾಗಿ ಬಳಸಿದವರು. ಹಣ್ಣಿಗೆ ಪೇಟೆಯ ಬೆಲೆ ಬಂದದ್ದು ತೀರಾ ಈಚೆಗೆ.

ಇಷ್ಟು ಬರಡು ನೆಲದಲ್ಲಿ ಗಿಡಕ್ಕೆ ಸಾರಜನಕ ಎಲ್ಲಿಂದ ಬರುತ್ತದೆ? ಬೇರಿನಲ್ಲಿ ಗಂಟುಗಳಿವೆ. ಅವುಗಳೊಳಗೆ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಇದೆ. ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಅಲಸಂಡೆಯ ಬೇರುಗಂಟಿನಲ್ಲಿ ಇರುವುದು ರೈಜೋಬಿಯಂ, ಅದು ಬೇರೆ ಕುಲ. ಫ್ರಾಂಕಿಯಾ ನೋಡಲು ಲಡಾಖಿಗೆ ಹೋಗಬೇಕಿಲ್ಲ. ನಮ್ಮ ಕಡಲ ಬದಿಯ ಮರಳಿನಲ್ಲಿ ಗಾಳಿಮರ ಇದೆಯಲ್ಲ, ಅದು ಬದುಕುವುದೂ ಇದೇ ಉಪಾಯದಿಂದ. ಎಳೆಯ ಗಿಡದ ಬೇರು ಅಗೆದು ನೋಡಿ, ಸಣ್ಣ ಸಣ್ಣ ಗಂಟು ಗೊಂಚಲಾಗಿ ಸಿಗುವುದುಂಟು.

ಚೀನಾದವರು 1980ರ ದಶಕದಿಂದ ತಮ್ಮ ಲೋಯಸ್ ಪ್ರಸ್ಥಭೂಮಿಯಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಹಳದಿ ಧೂಳುಮಣ್ಣಿನ ಗುಡ್ಡಗಳು, ಒಂದು ಮಳೆ ಬಂದರೆ ಕೊಚ್ಚಿಹೋಗುವ ನೆಲ. ಬೇರಿನಿಂದ ಹೊಸ ಚಿಗುರು ಎದ್ದು ಪೊದೆ ತಾನಾಗಿ ಹಬ್ಬುವುದರಿಂದ ಮಣ್ಣು ನಿಲ್ಲುತ್ತದೆ. ಈ ಗಿಡದ ಅನುಮಾನವೇ ಇಲ್ಲದ ಉಪಯೋಗ ಯಾವುದು ಎಂದು ಕೇಳಿದರೆ ನಾನು ಹಣ್ಣನ್ನು ಹೇಳುವುದಿಲ್ಲ, ಬೇರನ್ನು ಹೇಳುತ್ತೇನೆ. ಆದರೆ ಬೇರನ್ನು ಸೀಸೆಗೆ ತುಂಬಿ ಮಾರಲು ಆಗುವುದಿಲ್ಲ, ಅಲ್ವಾ?

ಈಗ ಹಣ್ಣಿಗೆ ಬರೋಣ. ಈ ಪೊಟ್ಟಣದಲ್ಲಿ ಒಣಗಿಸಿದ ಹಣ್ಣುಗಳಿವೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಹಸಿಯಾಗಿದ್ದಾಗ ಬಟಾಣಿ ಗಾತ್ರ, ಕೆಲವು ಇನ್ನೂ ಚಿಕ್ಕವು. ಬೆಳಕಿಗೆ ಹಿಡಿದು ಸಿಪ್ಪೆ ನೋಡಿ. ಕಿತ್ತಳೆ ಬಣ್ಣದ ಮೇಲೆ ಬೆಳ್ಳಿಯ ಪುಡಿ ಉದುರಿಸಿದ ಹಾಗೆ ಚುಕ್ಕಿಗಳಿವೆ. ಧೂಳಲ್ಲ, ಗಿಡವೇ ಬೆಳೆಸಿಕೊಂಡ ಸೂಕ್ಷ್ಮ ಹುರುಪೆಗಳು. ಎಲೆಯ ಅಡಿಭಾಗದಲ್ಲೂ ಅವೇ ಇವೆ, ಅದಕ್ಕೆ ಪೊದೆ ದೂರದಿಂದ ಬೂದು ಬಣ್ಣಕ್ಕೆ ಕಾಣುತ್ತದೆ. ಒಳಗೆ ಒಂದೇ ಒಂದು ಬೀಜ, ಕಂದು, ಹೊಳಪು.

ಕೊಯ್ಯುವುದು ದೊಡ್ಡ ತಲೆನೋವು. ನಮ್ಮ ಹೆಚ್ಚಿನ ಹಣ್ಣುಗಳು ಪಕ್ವವಾದಾಗ ತೊಟ್ಟು ತಾನಾಗಿ ಕಳಚುತ್ತದೆ. ಪುನರ್ಪುಳಿಯಂತೂ, ಅಂದರೆ ಕೋಕಂ, ಮರದಡಿಗೆ ಉದುರಿ ಬಿದ್ದದ್ದನ್ನೇ ಹೆಕ್ಕುತ್ತೇವೆ. ಇದು ಹಾಗಲ್ಲ. ಹಣ್ಣಾದರೂ ಕೊಂಬೆ ಬಿಡುವುದಿಲ್ಲ. ಎಳೆದರೆ ಸಿಪ್ಪೆ ಒಡೆದು ರಸ ಕೈಗೆ, ಜೊತೆಗೆ ಮುಳ್ಳು ಕೈಗೆ. ಲಡಾಖಿನಲ್ಲಿ ಪೊದೆಯಡಿ ಬಟ್ಟೆ ಹಾಸಿ ಕೋಲಿನಿಂದ ಬಡಿಯುತ್ತಾರೆ. ಜರ್ಮನಿಯಂಥ ದೇಶಗಳಲ್ಲಿ ಹಣ್ಣಿರುವ ಕೊಂಬೆಯನ್ನೇ ಕಡಿದು, ಹೆಪ್ಪುಗಟ್ಟುವವರೆಗೆ ತಣ್ಣಗೆ ಮಾಡಿ, ಆಮೇಲೆ ಅಲ್ಲಾಡಿಸಿ ಉದುರಿಸುತ್ತಾರೆ. ರಷ್ಯಾದ ಅಲ್ತಾಯ್ ಸೀಮೆಯ ಬರ್ನಾವುಲ್‌ನಲ್ಲಿರುವ ಲಿಸಾವೆಂಕೊ ಸಂಸ್ಥೆಯವರು 1930ರ ದಶಕದಿಂದಲೇ ತಳಿ ಆಯ್ಕೆ ಶುರು ಮಾಡಿ, ಮುಳ್ಳು ಕಡಿಮೆ, ತೊಟ್ಟು ಉದ್ದ, ಹಣ್ಣು ದಪ್ಪ ಇರುವ ತಳಿಗಳನ್ನು ತಂದರು. ಸೀಸೆಯ ಬೆಲೆ ಜಾಸ್ತಿ ಇರುವುದಕ್ಕೆ ಒಂದು ಕಾರಣ ಈ ಕೊಯ್ಲಿನ ಕಷ್ಟ.

ಇನ್ನು ಸೀಸೆ. ಇದು ನೀರು, ಸಕ್ಕರೆ ಸೇರಿಸದ ರಸ. ನಿನ್ನೆ ರಾತ್ರಿಯಿಂದ ಅಲುಗಿಸಿಲ್ಲ. ಹಿಂದೆ ಕೂತವರು ಎದ್ದು ಬಂದು ನೋಡಿ, ಪರವಾಗಿಲ್ಲ. ಮೂರು ಪದರ ಕಾಣುತ್ತದೆ. ಮೇಲೆ ದಪ್ಪನೆಯ ಕಡುಕಿತ್ತಳೆ ಕೆನೆ. ನಡುವೆ ತೆಳು ಬಣ್ಣದ, ಕಲಕು ರಸ. ತಳದಲ್ಲಿ ಗಸಿ. ಹಣ್ಣಿನ ರಸದ ಮೇಲೆ ಕೆನೆ ಕಟ್ಟುವುದನ್ನು ನಾವು ಎಲ್ಲಿಯಾದರೂ ಕಂಡಿದ್ದೇವಾ? ಆ ಕೆನೆಯಲ್ಲಿರುವುದು ಎಣ್ಣೆ. ಬೀಜದಲ್ಲಿ ಎಣ್ಣೆ ಇರುವುದು ಹೊಸತಲ್ಲ, ಆದರೆ ತಿರುಳಿನಲ್ಲೂ ಎಣ್ಣೆ ಇರುವ ಹಣ್ಣುಗಳು ಕಡಿಮೆ. ಬೆಣ್ಣೆಹಣ್ಣು ಒಂದು, ಇದು ಒಂದು.

ಈ ಹಣ್ಣಿನ ವಿಜ್ಞಾನದಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಬೀಜದ ಎಣ್ಣೆ, ತಿರುಳಿನ ಎಣ್ಣೆ ಎರಡೂ ಪೂರ್ತಿ ಬೇರೆ. ಬೀಜದ್ದು ತಿಳಿ ಹಳದಿ. ಅದರಲ್ಲಿ ಲಿನೋಲಿಕ್ ಮತ್ತು ಲಿನೋಲೆನಿಕ್ ಎಂಬ ಕೊಬ್ಬಿನ ಆಮ್ಲಗಳು, ಅಂದರೆ ಒಮೆಗಾ-6, ಒಮೆಗಾ-3, ಸೇರಿ ಅರ್ಧಕ್ಕಿಂತ ಜಾಸ್ತಿ. ತಿರುಳಿನದು ಕೆಂಪು-ಕಿತ್ತಳೆ, ಮಂದ. ಅದರಲ್ಲಿ ಇವೆರಡೂ ಕಡಿಮೆ, ಬದಲಿಗೆ ಪಾಮಿಟೋಲಿಕ್ ಆಮ್ಲ ಎಂಬ ಒಮೆಗಾ-7 ತುಂಬಾ. ತಳಿ ನೋಡಿಕೊಂಡು ಅದು ನೂರಕ್ಕೆ 16ರಿಂದ 54ರವರೆಗೂ ಇರಬಹುದು. ನಾವು ದಿನಾ ಬಳಸುವ ತೆಂಗಿನೆಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಲಾರಿಕ್ ಆಮ್ಲ. ಪುನರ್ಪುಳಿ ಬೀಜದ ತುಪ್ಪದಲ್ಲಿ ಸ್ಟಿಯರಿಕ್ ಮತ್ತು ಓಲಿಕ್ ಮುಖ್ಯ, ಅದಕ್ಕೇ ಅದು 40 ಡಿಗ್ರಿಯ ಹತ್ತಿರ ಬರುವವರೆಗೂ ಗಟ್ಟಿಯಾಗಿ ಕೂತಿರುತ್ತದೆ. ಹೀಗೆ ಒಂದೊಂದು ಎಣ್ಣೆಯ ಗುಣ ಅದರ ಆಮ್ಲಗಳಿಂದ. ಹಾಗಿರುವಾಗ "ಸೀ ಬಕ್‌ಥಾರ್ನ್ ಎಣ್ಣೆ" ಎಂದಷ್ಟೇ ಬರೆದ ಮಾತ್ರೆಯ ಡಬ್ಬಿ ಏನನ್ನೂ ಹೇಳಿದಂತಾಗಲಿಲ್ಲ. ಬೀಜದ್ದೋ ತಿರುಳಿನದೋ ಎಂದು ಬರೆದಿರಬೇಕು.

ಒಂದು ಸಣ್ಣ ಪ್ರಯೋಗ ತೋರಿಸುತ್ತೇನೆ. ಒಣಹಣ್ಣನ್ನು ಜಜ್ಜಿ ಬಿಸಿ ತೆಂಗಿನೆಣ್ಣೆಯಲ್ಲಿ ನೆನೆಹಾಕಿದ್ದೆ. ನೋಡಿ, ಎಣ್ಣೆ ಕಿತ್ತಳೆಯಾಗಿದೆ. ಒಣ ಪುನರ್ಪುಳಿ ಸಿಪ್ಪೆಯನ್ನೂ ಹಾಗೇ ಇನ್ನೊಂದು ಲೋಟದ ಎಣ್ಣೆಯಲ್ಲಿ ಹಾಕಿದ್ದೆ, ಅದರ ಕೆಂಪು ಎಣ್ಣೆಗೆ ಇಳಿದಿಲ್ಲ. ನೀರಿಗೆ ಹಾಕಿದರೆ ಮಾತ್ರ ಶರಬತ್ತಿನ ಬಣ್ಣ ಬಿಡುತ್ತದೆ. ಈಗ ಆ ಕೆಂಪು ನೀರಿಗೆ ಒಂದು ಚಿಟಿಕೆ ಅಡಿಗೆ ಸೋಡ. ನೊರೆ ಎದ್ದಿತು. ಇನ್ನೊಂದು ಚಿಟಿಕೆ. ಕೆಂಪು ಹೋಗಿ ಕಪ್ಪುನೇರಳೆಗೆ ತಿರುಗಿತು. ಸೀ ಬಕ್‌ಥಾರ್ನ್ ರಸಕ್ಕೆ ಹಾಕಿದರೆ ನೊರೆ ಏಳುತ್ತದೆ, ಕಿತ್ತಳೆ ಕಿತ್ತಳೆಯಾಗಿಯೇ ಉಳಿಯುತ್ತದೆ. ಪುನರ್ಪುಳಿಯದು ಆಂಥೋಸಯನಿನ್, ನೀರಿನ ಬಣ್ಣ, ಹುಳಿ ಕಡಿಮೆಯಾದರೆ ಬದಲಾಗುತ್ತದೆ. ಇದು ಕ್ಯಾರೊಟಿನಾಯ್ಡ್, ಎಣ್ಣೆಯ ಬಣ್ಣ. ಸೋವಿಯತ್ ಕಾಲದಲ್ಲಿ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಸುಟ್ಟಗಾಯಕ್ಕೆ ಸಿಗುತ್ತಿದ್ದ ಎಣ್ಣೆಯನ್ನೂ ಹೀಗೇ, ಬೇರೆ ಎಣ್ಣೆಗೆ ತಿರುಳಿನ ಸಾರ ಇಳಿಸಿ ಮಾಡುತ್ತಿದ್ದರು.

ಮುಂದಿನ ಸಾಲಿನ ಅಕ್ಕ ಒಬ್ಬರು ಕೇಳಿದರು: "ವಿಟಮಿನ್ ಸಿ ಕಿತ್ತಳೆಗಿಂತ ಎಷ್ಟೋ ಪಾಲು ಜಾಸ್ತಿ ಅಂತಾರಲ್ಲ, ನಿಜವಾ?"

ನಿಜವೂ ಹೌದು, ಪೂರ್ತಿ ನಿಜವೂ ಅಲ್ಲ. ಕಿತ್ತಳೆಯಲ್ಲಿ 100 ಗ್ರಾಂಗೆ ಸುಮಾರು 50 ಮಿಲಿಗ್ರಾಂ. ಸೀ ಬಕ್‌ಥಾರ್ನ್‌ಗೆ ಒಂದೇ ಅಂಕಿ ಇಲ್ಲ. ಯುರೋಪಿನ ಉಪಜಾತಿಯಲ್ಲಿ ಸುಮಾರು 30ರಿಂದ 300 ಮಿಲಿಗ್ರಾಂ. ಚೀನಾದ ಉಪಜಾತಿಯಲ್ಲಿ 200ರಿಂದ ಹಿಡಿದು 2500ರವರೆಗೆ ಅಳೆದವರಿದ್ದಾರೆ. ಜಾಹೀರಾತಿನವರು ಆರಿಸುವ ಅಂಕಿ ಯಾವುದು ಎಂದು ನಾನು ಹೇಳಬೇಕಾಗಿಲ್ಲ. ಹಣ್ಣು ಎಷ್ಟು ಬಲಿತಿತ್ತು, ಯಾವ ಕಣಿವೆಯದು, ಕೊಯ್ದು ಎಷ್ಟು ದಿನ ಆಯಿತು, ಎಲ್ಲವೂ ಅಂಕಿಯನ್ನು ಬದಲಿಸುತ್ತದೆ. ಮೇಲಿಂದ ರಸ ಬಿಸಿ ಮಾಡಿ ಸೀಸೆಗೆ ತುಂಬಿದರೆ ಒಂದಷ್ಟು ಹೋಗುತ್ತದೆ, ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಇನ್ನಷ್ಟು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 65ರಿಂದ 80 ಮಿಲಿಗ್ರಾಂ ಎಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುತ್ತದೆ. ಹಿತ್ತಿಲಿನ ಒಂದು ಪೇರಳೆ ತಿಂದರೆ ಆ ಲೆಕ್ಕ ಮುಗಿಯಿತು. ಲಡಾಖಿನವರಿಗೆ ಕಥೆ ಬೇರೆ. ಅಲ್ಲಿ ಚಳಿಗಾಲದಲ್ಲಿ ದಾರಿ ಮುಚ್ಚಿದಾಗ ಹಸಿ ತರಕಾರಿ ಸಿಗುವುದೇ ಕಷ್ಟ. ಲೇಹ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಇದೆ, ಡಿಹಾರ್ ಎಂದು. ಈ ಹಣ್ಣಿನ ರಸವನ್ನು ಕುಡಿಯುವ ಪಾನೀಯವಾಗಿ ಮಾಡುವ ವಿಧಾನ ರೂಪಿಸಿದವರು ಅವರೇ. ಅಲ್ಲಿಗೆ ಅದು ಬಹಳ ಒಳ್ಳೆಯ ಕೆಲಸ.

ರುಚಿಯ ಬಗ್ಗೆ ಎರಡು ಮಾತು. ಇದರ ಹುಳಿ ಮುಖ್ಯವಾಗಿ ಮ್ಯಾಲಿಕ್ ಮತ್ತು ಕ್ವಿನಿಕ್ ಆಮ್ಲಗಳದ್ದು. ಸಕ್ಕರೆ ಕಡಿಮೆ, ಮೇಲಿಂದ ಒಗರು. ಬರೀ ರಸ ಒಂದು ಚಮಚ ಬಾಯಿಗೆ ಹಾಕಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಫಿನ್ಲೆಂಡಿನವರು ವೈನಿನಲ್ಲಿ ಬಳಸುವ ಬ್ಯಾಕ್ಟೀರಿಯಾ ಹಾಕಿ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲಕ್ಕೆ, ಅಂದರೆ ಮೊಸರಿನ ಹುಳಿಗೆ, ತಿರುಗಿಸಿ ನೋಡಿದರು. ಹುಳಿ ಮೆತ್ತಗಾಯಿತು. ಪೇಟೆಯಲ್ಲಿ ಅದಕ್ಕಿಂತ ಸುಲಭದ ದಾರಿ ಇದೆ: ಸಕ್ಕರೆ. ಸಕ್ಕರೆ ಕಾಯಿಲೆಗೆ ಮದ್ದು ಎಂದು ತಂದ ಸೀಸೆಯ ಹಿಂದೆ ಒಮ್ಮೆ ಸಣ್ಣ ಅಕ್ಷರ ಓದಿ.

ಈಗ ಎರಡನೆಯ ಪ್ರಶ್ನೆ. ಮೈಯಲ್ಲಿ ಏನು ಮಾಡುತ್ತದೆ?

ಪ್ರಯೋಗಾಲಯದ ಇಲಿ, ಹೆಗ್ಗಣಗಳಲ್ಲಿ ತುಂಬಾ ಕೆಲಸ ಆಗಿದೆ. ನಮ್ಮ ದೇಶದ ರಕ್ಷಣಾ ಪ್ರಯೋಗಾಲಯಗಳೇ ಎಲೆಯ ಸಾರದಿಂದ ಗಾಯ ಬೇಗ ಮಾಯುವುದನ್ನು, ಹಣ್ಣಿನ ಸಾರ ವಿಕಿರಣದ ಹಾನಿ ತಡೆಯುವುದನ್ನು ಪ್ರಾಣಿಗಳಲ್ಲಿ ತೋರಿಸಿವೆ. ಅದು ಸುಳ್ಳಲ್ಲ. ಆದರೆ ಇಲಿಗೆ ಕೊಡುವುದು ಗಟ್ಟಿ ಮಾಡಿದ ಸಾರ, ತೂಕಕ್ಕೆ ಲೆಕ್ಕ ಹಾಕಿದ ಪ್ರಮಾಣ. ನಾವು ಕುಡಿಯುವುದು ನೀರು ಬೆರೆಸಿದ ಶರಬತ್ತು.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ನಾನು ಎಲ್ಲರಿಗೂ ಹೇಳುವುದು ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರದ್ದು, 2008ರಲ್ಲಿ ಪ್ರಕಟವಾದದ್ದು. 254 ಮಂದಿ ಆರೋಗ್ಯವಂತರು. ಅರ್ಧದಷ್ಟು ಜನರಿಗೆ ದಿನಕ್ಕೆ 28 ಗ್ರಾಂ ಸೀ ಬಕ್‌ಥಾರ್ನ್ ಹಣ್ಣಿನ ತಿರುಳು, ಉಳಿದವರಿಗೆ ನೋಡಲು ತಿನ್ನಲು ಅದೇ ಥರದ ಬೇರೆ ತಿರುಳು. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಹೀಗೆ 90 ದಿನ. ಕೇಳಿದ ಪ್ರಶ್ನೆ ಸರಳ: ಶೀತ, ನೆಗಡಿ ಕಡಿಮೆಯಾಯಿತಾ? ಆಗಲಿಲ್ಲ. ಎಷ್ಟು ಸಲ ಬಂತು, ಎಷ್ಟು ದಿನ ಇತ್ತು, ಎರಡರಲ್ಲೂ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು ಒಂದು: ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಎಂಬ ಪ್ರೋಟೀನ್ ಸ್ವಲ್ಪ ಇಳಿದಿತ್ತು. ನನಗೆ ಇದು ಸೋತ ಪ್ರಯೋಗ ಅನಿಸುವುದಿಲ್ಲ. ತಮ್ಮ ದೇಶದ ಹೆಮ್ಮೆಯ ಹಣ್ಣಿನ ಬಗ್ಗೆ "ನೆಗಡಿಗೆ ಇದರಿಂದ ಉಪಯೋಗ ಕಾಣಲಿಲ್ಲ" ಎಂದು ತಾವೇ ಬರೆದು ಪ್ರಕಟಿಸಿದ್ದಾರಲ್ಲ, ಅಂಥವರ ಮಾತನ್ನು ಮುಂದಿನ ಸಲವೂ ನಂಬಬಹುದು.

ಅದೇ ತಂಡ 2010ರಲ್ಲಿ ಕಣ್ಣು ಒಣಗುವ ತೊಂದರೆ ಇದ್ದವರಿಗೆ ದಿನಕ್ಕೆ 2 ಗ್ರಾಂ ಎಣ್ಣೆ ಮೂರು ತಿಂಗಳು ಕೊಟ್ಟು ನೋಡಿತು. ಚಳಿ ಶುರುವಾದಾಗ ಇಂಥವರ ಕಣ್ಣೀರು ಗಾಢವಾಗುತ್ತದೆ. ಎಣ್ಣೆ ತಿಂದವರಲ್ಲಿ ಆ ಏರಿಕೆ ಕಡಿಮೆ ಇತ್ತು. ಸಣ್ಣ ಪರಿಣಾಮ, ಆದರೆ ಇದೆ. ಹೃದಯದ ವಿಷಯಕ್ಕೆ ಬಂದರೆ, 2002ರ ಒಂದು ಅಧ್ಯಯನದಲ್ಲಿ 20 ಮಂದಿ ಗಂಡಸರು ಎಂಟು ವಾರ ರಸ ಕುಡಿದರು. ಕೊಲೆಸ್ಟ್ರಾಲ್ ಅಂಕಿಗಳಲ್ಲಿ ಖಚಿತವಾಗಿ ಹೇಳಬಹುದಾದ ಬದಲಾವಣೆ ಕಾಣಲಿಲ್ಲ. ಇಷ್ಟು ಕಡಿಮೆ ಜನರಿಂದ "ಆಗುತ್ತದೆ" ಎಂದೂ ಹೇಳಲಾಗದು, "ಆಗುವುದೇ ಇಲ್ಲ" ಎಂದೂ ಹೇಳಲಾಗದು.

ಹಿಂದಿನ ಬೆಂಚಿನಿಂದ ಒಬ್ಬರು, "ಹಾಗಾದರೆ ಎಲ್ಲ ಸುಮ್ನೆ ಪ್ರಚಾರವಾ?" ಎಂದರು. ಹಾಗಲ್ಲ ಭಾವ. ಇದೇ ಕಥೆ ನಮ್ಮ ಪಕ್ಕದಲ್ಲೇ ಒಮ್ಮೆ ನಡೆದಿದೆ, ಕೇಳಿ.

ಪುನರ್ಪುಳಿಯ ದಾಯಾದಿ ಉಪ್ಪಾಗೆ. ಮಲಯಾಳದಲ್ಲಿ ಕೊಡಂಪುಳಿ, ಮೀನಿನ ಸಾರಿಗೆ ಹಾಕುತ್ತಾರಲ್ಲ, ಅದು. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದರ ಹುಳಿ ಯಾವ ಆಮ್ಲದ್ದು ಎಂದು ಸರಿಯಾಗಿ ಗುರುತಿಸಿದರು. ಅಲ್ಲಿಯವರೆಗೆ ಸಿಟ್ರಿಕ್, ಟಾರ್ಟಾರಿಕ್ ಎಂದುಕೊಂಡಿದ್ದರು. ಇವರು ತೋರಿಸಿದ್ದು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ಪುನರ್ಪುಳಿ ಸಿಪ್ಪೆಯಲ್ಲೂ ಅದೇ ಮುಖ್ಯ ಹುಳಿ. ಆಮೇಲೆ ಅಮೆರಿಕದವರು, ಮೈಯಲ್ಲಿ ಸಕ್ಕರೆಯನ್ನು ಕೊಬ್ಬಾಗಿಸುವ ದಾರಿಯ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡುಕೊಂಡರು. ಇಲಿಗಳು ತಿನ್ನುವುದೂ ಕಡಿಮೆಯಾಯಿತು. ಅಷ್ಟು ಸಾಕಾಯಿತು, ತೂಕ ಇಳಿಸುವ ಮಾತ್ರೆಗಳ ಭರಾಟೆ ಎದ್ದಿತು. ಸಿಪ್ಪೆಗೆ ಬೆಲೆ ಏರಿ ಘಟ್ಟದಲ್ಲಿ ಕೊಂಬೆ ಸಮೇತ ಕಡಿದು ಕಾಯಿ ಇಳಿಸಿದವರೂ ಇದ್ದಾರೆ. 1998ರಲ್ಲಿ 135 ಮಂದಿ ದಪ್ಪಗಿದ್ದವರ ಮೇಲೆ 12 ವಾರ ಪರೀಕ್ಷೆ ಆಯಿತು. ದಿನಕ್ಕೆ 1500 ಮಿಲಿಗ್ರಾಂ ಆಮ್ಲ ತಿಂದವರಿಗೂ ಮದ್ದಿಲ್ಲದ ಬೆಂಡುಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮೈಸೂರಿನವರ ರಸಾಯನಶಾಸ್ತ್ರ ಇವತ್ತಿಗೂ ಸರಿ. ಕಿಣ್ವದ ವಿಷಯವೂ ಸರಿ. ತಪ್ಪಿದ್ದು ಅಲ್ಲಿಂದ ನೇರ ಸೊಂಟದ ಸುತ್ತಳತೆಗೆ ಹಾರಿದ್ದು.

ಹಾಗಾಗಿ ಸೀ ಬಕ್‌ಥಾರ್ನ್ ರಸ ರುಚಿಗಾಗಿ ಕುಡಿಯಿರಿ. ನನಗೆ ಬೆಲ್ಲ, ಚೂರು ಉಪ್ಪು, ನಾಲ್ಕು ಕಾಳು ಜೀರಿಗೆ ಪುಡಿ ಹಾಕಿದರೆ ಇಷ್ಟ, ಪುನರ್ಪುಳಿ ಶರಬತ್ತಿನ ಕ್ರಮದಲ್ಲಿ. ಎಣ್ಣೆಯ ಮಾತ್ರೆಯಾದರೆ ಬೀಜದ್ದಾ ತಿರುಳಿನದ್ದಾ ಕೇಳಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುತ್ತಿರುವವರು, ಆಪರೇಷನ್ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನು ಹಿಡಿಯುವ ಯೋಚನೆ ಯಾರಿಗಾದರೂ ಇದ್ದರೆ ಇವತ್ತೇ ಕೈಬಿಡಿ.

ಕೊನೆಗೆ ಬಂದದ್ದು ತೋಟದ ಪ್ರಶ್ನೆ. "ಆನ್‌ಲೈನಿನಲ್ಲಿ ಬೀಜ ಸಿಗುತ್ತದೆ, ನಮ್ಮ ಗುಡ್ಡೆಯಲ್ಲಿ ಹಾಕಿ ನೋಡುವುದಾ?" ಎಂದು ಅಡಿಕೆ ಕೃಷಿಕರೊಬ್ಬರು ಕೇಳಿದರು. ಬೇಡ ಮಾವ. ಅದಕ್ಕೆ ಗಟ್ಟಿ ಚಳಿಗಾಲ ಬೇಕು, ಒಣ ಗಾಳಿ ಬೇಕು, ನೀರು ನಿಲ್ಲದ ನೆಲ ಬೇಕು. ನಮ್ಮ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಬದುಕಿದರೂ ಇನ್ನೊಂದು ತೊಂದರೆ: ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಜದಿಂದ ಎದ್ದ ಸಸಿ ಯಾವುದು ಎಂದು ಹೂಮೊಗ್ಗು ಬರುವವರೆಗೆ ಕಣ್ಣಿಗೆ ತಿಳಿಯುವುದಿಲ್ಲ. ಗಾಳಿಯಿಂದ ಪರಾಗ ಹೋಗುವುದರಿಂದ ಎರಡೂ ಹತ್ತಿರ ಇರಬೇಕು.

"ಪುನರ್ಪುಳಿಯದ್ದೂ ಅದೇ ಅವಸ್ಥೆಯಲ್ಲವಾ?" ಎಂದರು ಅವರು. ಹೌದು, ಅದೇ. ಬೀಜದ ಸಸಿ ನೆಟ್ಟು ಏಳೆಂಟು ವರ್ಷ ಕಾದ ಮೇಲೆ ಅರ್ಧದಷ್ಟು ಗಂಡು ಎಂದು ಗೊತ್ತಾಗುವುದು. ಅದಕ್ಕೆ ಕಸಿ ಗಿಡ ತನ್ನಿ. ಮಹಾರಾಷ್ಟ್ರದ ದಾಪೋಳಿಯ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ ಅಮೃತಾ, ಕೊಂಕಣ ಹಾತೀಸ್ ಎಂದು ಎರಡು ತಳಿ ಬಿಟ್ಟಿದ್ದಾರೆ. ನಮ್ಮಲ್ಲೇ ಒಳ್ಳೆಯ ಹಣ್ಣು ಬಿಡುವ ಹೆಣ್ಣು ಮರ ಇದ್ದರೆ ಅದರಿಂದಲೂ ಕಸಿ ಮಾಡಿಸಬಹುದು. ಆದರೆ ಕುಡಿ ತೆಗೆಯುವಾಗ ಜಾಗ್ರತೆ. ಅಡ್ಡಕ್ಕೆ ಹೋಗುವ ರೆಂಬೆಯ ಕುಡಿ ಕಟ್ಟಿದರೆ ಗಿಡ ಮೇಲೆ ಏಳದೆ ನೆಲದ ಬದಿಗೇ ಹರಡುತ್ತದೆ. ನೆಟ್ಟಗೆ ಮೇಲಕ್ಕೆ ಹೋಗುವ ಕುಡಿಯನ್ನೇ ಕಟ್ಟಲು ಹೇಳಿ. ತೋಟದಲ್ಲಿ ಎಲ್ಲೋ ಒಂದು ಗಂಡು ಮರವನ್ನು ಕಡಿಯದೆ ಉಳಿಸಿಕೊಳ್ಳಿ.